ನೋಡದೆ ಹೇಳುವ ಪೆಟ್ಟಿಗೆ

ಬೆಳಿಗ್ಗೆ ಏಳಕ್ಕೆ ನಲ್ಲಿ ನಿಂತುಹೋಗುತ್ತದೆ. ಅಷ್ಟರೊಳಗೆ ಎರಡು ಹಂಡೆ, ನಾಲ್ಕು ಕೊಡ ತುಂಬಿಕೊಳ್ಳಬೇಕು. ತುಂಗಾ ಮೂರನೆಯ ಕೊಡವನ್ನು ನಲ್ಲಿಯ ಕೆಳಗೆ ಇಟ್ಟಿದ್ದಳಷ್ಟೆ, ಗೋಡೆಯಾಚೆಯಿಂದ ರಾಮಮ್ಮನ ಕೂಗು ಬಂತು.

"ತುಂಗಾ! ಏ ತುಂಗಾ! ಫೋನು ಕಣೇ! ನಿಮ್ಮ ಆಫೀಸಿಂದ, ಉರೀತಾ ಇದಾರೆ, ಬೇಗ ಬಾ!"

"ಅಂಬಾ, ಕೊಡ ತುಂಬಿದ್ರೆ ನಲ್ಲಿ ನಿಲ್ಸಮ್ಮಾ" ಎಂದು ಮಗಳಿಗೆ ಹೇಳಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ತುಂಗಾ ಓಡಿದಳು. ಎಂಟು ವರ್ಷದ ಅಂಬಾ ನಲ್ಲಿ ನಿಲ್ಲಿಸಿ ಅವಳ ಹಿಂದೆಯೇ ಬಂದಳು.

ಎಂಬತ್ತೊಂಬತ್ತನೇ ಇಸವಿ. ಗೋವಿಂದರಾಜನಗರದ ಆ ಬೀದಿಯಲ್ಲಿ ಫೋನಿದ್ದದ್ದು ರಾಮಮ್ಮನ ಮನೆಯಲ್ಲಿ ಒಂದೇ. ಆಕೆಯ ಗಂಡ ಅರ್ಜಿ ಹಾಕಿ ಎಂಟು ವರ್ಷ ಕಾದು ತಂದ ಕಪ್ಪು ಫೋನು. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ. ಬೀದಿಯ ಹನ್ನೊಂದು ಮನೆಯವರು ಕಾಗದದಲ್ಲಿ, ಲಗ್ನಪತ್ರಿಕೆಯಲ್ಲಿ, ಕೆಲಸದ ಅರ್ಜಿಯಲ್ಲಿ ಅದೇ ನಂಬರು ಬರೆದು ಪಕ್ಕದಲ್ಲಿ 'ಪಿ.ಪಿ.', ಅಂದರೆ ನೆರೆಮನೆಯ ಫೋನು, ಅಂತ ಸೇರಿಸುತ್ತಿದ್ದರು. ಯಾರಿಗೇ ಕರೆ ಬಂದರೂ ಮೊದಲು ಎತ್ತುವವಳು ರಾಮಮ್ಮ. ಕೂಗಿ ಕರೆಯುತ್ತಿದ್ದಳು, ಇಲ್ಲದಿದ್ದರೆ ಸುದ್ದಿ ನೆನಪಿಟ್ಟುಕೊಂಡು ಸಂಜೆ ಹೇಳುತ್ತಿದ್ದಳು, ಸಾಲ ಕೇಳುವವರು ಬಂದರೆ 'ಊರಲ್ಲಿಲ್ಲ' ಅಂತ ಬೀದಿಯವರನ್ನು ಕಾಪಾಡುತ್ತಲೂ ಇದ್ದಳು. ಉಪಕಾರ ದೊಡ್ಡದು. ಆದರೆ ತುಂಗಾಗೆ ಕೆಲಸ ಸಿಕ್ಕ ಸಂಗತಿ ಗಂಡ ರೇವಣಸಿದ್ದಪ್ಪನಿಗಿಂತ ಮೊದಲು ರಾಮಮ್ಮನಿಗೆ, ಅವಳಿಂದ ಇಡೀ ಬೀದಿಗೆ ಗೊತ್ತಾಗಿತ್ತು. ಎಲ್ಲರ ಮಾತೂ ಒಂದೇ ಬಾಗಿಲಲ್ಲಿ ಹಾದು ಹೋದರೆ ಹಾಗೇ.

ಫೋನಿನಲ್ಲಿ ಇದ್ದವರು ಯಜಮಾನ ಸೋಮಲಿಂಗಪ್ಪನವರೇ.

"ಏನಮ್ಮಾ, ಶನಿವಾರ ಫೋನ್ ಮಾಡಿಸಿದ್ರೆ ಮನೇಲಿಲ್ಲ. ರಜ ಅಂದ್ರೆ ಊರು ಸುತ್ತೋದಾ? ಮತ್ತೆ ಸ್ಟಾಕು ತಪ್ಪು ಬರೆದುಕೊಟ್ಟಿದೀಯ. ಒಂಬತ್ತಕ್ಕೆ ಬಾ. ಇವತ್ತು ಇತ್ಯರ್ಥ ಆಗ್ಬೇಕು." ಫೋನು ಕಟ್ಟಾಯಿತು.

ತುಂಗಾ ರಿಸೀವರ್ ಇಟ್ಟು ರಾಮಮ್ಮನ ಮುಖ ನೋಡಿದಳು. "ಶನಿವಾರ ನಂಗೆ ಫೋನ್ ಬಂದಿತ್ತಾ ರಾಮಮ್ಮನೋರೆ?"

"ಬಂದಿತ್ತಪ್ಪ. ತುಂಗಾ ಆಫೀಸಿಗೆ ಹೋಗಿದಾಳೆ ಅಂದೆ."

"ಎರಡನೇ ಶನಿವಾರ, ನಂಗೆ ರಜ. ದಿನವಿಡೀ ಮನೇಲೇ ಹಪ್ಪಳ ಒತ್ತುತಾ ಇದ್ದೆ."

"ಅಯ್ಯೋ, ದಿನಾ ಹೋಗ್ತೀಯಲ್ಲ, ಹೋಗಿರ್ತೀಯ ಅಂತ ಹೇಳ್ದೆ. ಪ್ರತಿಯೊಂದಕ್ಕೂ ಎದ್ದು ಬಂದು ನೋಡೋಕೆ ನನ್ನ ಮಂಡಿ ಬಿಡ್ಬೇಕಲ್ಲೇ!"

ಬಾಗಿಲ ಬಳಿ ನಿಂತಿದ್ದ ಅಂಬಾಳ ಬಾಯಿ ಅರ್ಧ ತೆರೆಯಿತು. ಶನಿವಾರ ಅವಳು ಇದೇ ಮನೆಯಲ್ಲಿ ಚೌಕಾಬಾರ ಆಡುತ್ತಿದ್ದಳು, ಆ ಮಾತು ಕೇಳಿಸಿಕೊಂಡಿದ್ದಳು. ತುಂಗಾ ಅವಳತ್ತ ನೋಡುವಷ್ಟರಲ್ಲಿ ಬಾಯಿ ಮುಚ್ಚಿಕೊಂಡಿತು.

"ಏನು ಮರಿ?"

"ಏನಿಲ್ಲ."

ಸ್ಕೂಲಿನಲ್ಲೂ ಹೀಗೇ. 'ಎಲ್ಲಾ ಅರ್ಥ ಆಗತ್ತೆ ನಿಮ್ಮ ಮಗಳಿಗೆ, ಆದ್ರೆ ಒಂದು ಪ್ರಶ್ನೆ ಕೇಳಲ್ಲ. ಗಂಟಲವರೆಗೂ ಬರತ್ತೆ, ನುಂಗ್ತಾಳೆ' ಎಂದು ಟೀಚರು ಹೇಳಿದ್ದರು. ತುಂಗಾ ಬಲವಂತ ಮಾಡಿರಲಿಲ್ಲ. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಕಲಕಿ ನೋಡಿದರೆ ಮೊಸರಾಗುವುದಿಲ್ಲ.

ದಸರಾ ರಜ, ಗಂಡನಿಗೆ ಮೊದಲ ಪಾಳಿ. ಹಾಗಾಗಿ ಮಗಳನ್ನೂ ಕರೆದುಕೊಂಡೇ ತುಂಗಾ ಬಸ್ಸು ಹತ್ತಿದಳು. ಮೂರು ತಿಂಗಳ ಪರೀಕ್ಷೆಯ ಮೇಲೆ ಸಿಕ್ಕ ಕೆಲಸ; ಬರುವ ಶುಕ್ರವಾರಕ್ಕೆ ಮೂರು ತಿಂಗಳು ತುಂಬುತ್ತಿತ್ತು. ಕಾಯಂ ಆಗಬೇಕು, ಇಲ್ಲ ಮನೆಗೆ ಹೋಗಬೇಕು. ಅಡುಗೆ, ಬಟ್ಟೆ, ಪಾತ್ರೆ ಮುಗಿಸಿ, ವಿಜಯನಗರದ ಸಂಜೆ ಕ್ಲಾಸಿನಲ್ಲಿ ಒಂದು ವರ್ಷ ಕಲಿತ ಕಂಪ್ಯೂಟರು. 'ಟೈಪು ಬರದವಳು' ಎಂಬ ಹೆಸರು ಹೊತ್ತು ಅವಳು ಮನೆಗೆ ಮರಳುವಂತಿರಲಿಲ್ಲ.

ಸೋಮಲಿಂಗಪ್ಪನವರದು ಔಷಧದ ಸಗಟು ವ್ಯಾಪಾರ. ಆಫೀಸು ರಾಜಾಜಿನಗರದಲ್ಲಿ, ಗೋಡೌನು ಕೆಂಗೇರಿಯಲ್ಲಿ. ಮೆಡಿಕಲ್ ಅಂಗಡಿಯವರು ಫೋನ್ ಮಾಡಿ 'ಇಂಥ ಔಷಧ ಇದೆಯಾ' ಅಂತ ಕೇಳಿದರೆ ತುಂಗಾ ಕಂಪ್ಯೂಟರಿನಲ್ಲಿ ನೋಡಿ ಹೇಳಬೇಕು, ಚೀಟಿ ಬರೆಯಬೇಕು. ಸ್ಟಾಕಿನ ಲೆಕ್ಕವಿದ್ದದ್ದು ಕೆಂಗೇರಿಯ ಕಂಪ್ಯೂಟರಿನಲ್ಲಿ. ನಡುವೆ ಒಂದೇ ಟೆಲಿಫೋನ್ ಲೈನು, ಅದೂ ಆಮೆ. ಅದಕ್ಕೇ ಸಿದ್ದಬಸಪ್ಪ ಎಂಬ ಹೊಸ ಇಂಜಿನಿಯರು ನಡುವೆ ಇನ್ನೊಂದು ಕಂಪ್ಯೂಟರನ್ನು ಕೂರಿಸಿದ್ದ. ಆಫೀಸಿನ ಮೂರೂ ಮೇಜಿನ ಪ್ರಶ್ನೆಗಳು ಅದಕ್ಕೆ ಹೋಗುತ್ತವೆ. ಎಲ್ಲರ ಪರವಾಗಿ ಅದೊಂದೇ ಕೆಂಗೇರಿಯನ್ನು ಕೇಳಿ ಉತ್ತರ ತರುತ್ತದೆ. ಹೊರಗಿನ ಕೈ ಯಾವುದೂ ಗೋಡೌನಿನ ಲೆಕ್ಕಕ್ಕೆ ನೇರವಾಗಿ ತಾಗುವಂತಿಲ್ಲ. ತಂದ ಉತ್ತರದ ಒಂದು ಪ್ರತಿಯನ್ನು ಇಟ್ಟುಕೊಂಡು, ಅದೇ ಪ್ರಶ್ನೆ ಮತ್ತೆ ಬಂದರೆ ಲೈನು ಕಾಯದೆ ಕೊಟ್ಟುಬಿಡುತ್ತದೆ. "ಕಾಲೇಜಲ್ಲಿ ಗೆಳೆಯ ಬರದೇ ಇದ್ರೆ ಅವನ ಹಾಜರಿಗೆ ನಾವು ಯೆಸ್ ಸಾರ್ ಅಂತೀವಲ್ಲ ಮೇಡಂ, ಹಂಗೆ. ಪ್ರಾಕ್ಸಿ" ಎಂದು ಅವನು ನಕ್ಕಿದ್ದ. ಆಫೀಸಿನಲ್ಲಿ ಅದಕ್ಕೆ ಅದೇ ಹೆಸರು ನಿಂತಿತು.

"ಬಾಮ್ಮಾ" ಎಂದರು ಸೋಮಲಿಂಗಪ್ಪ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಮೂರು ಚೀಟಿ. "ಸಕ್ಕರೆ ಕಾಯಿಲೆ ಇಂಜೆಕ್ಷನ್ನು ನಲವತ್ತು ಇದೆ ಅಂತ ಶುಕ್ರವಾರ ಬರೆದಿದೀಯ. ವಿಜಯನಗರದ ಅಂಗಡಿಯವರು ನಂಬಿ, ರೋಗಿಗಳಿಗೆ ಶನಿವಾರ ಬನ್ನಿ ಅಂದ್ರು. ಗೋಡೌನಲ್ಲಿ ಒಂದೂ ಇರಲಿಲ್ಲ. ಇದು ಮೂರನೇ ತಪ್ಪು. ಏನು ಒತ್ತಿ ಏನು ನೋಡ್ತೀಯೋ! ಕೇಳೋಣ ಅಂದ್ರೆ ಮನೇಲೂ ಇಲ್ಲ."

"ಮನೇಲೇ ಇದ್ದೆ ಸಾರ್."

"ಹಂಗಾದ್ರೆ ಆ ಹೆಂಗಸು ಸುಳ್ಳು ಹೇಳಿದ್ಲಾ?"

"ಸುಳ್ಳಲ್ಲ ಸಾರ್. ನೋಡದೆ ಹೇಳಿದ್ರು."

"ನಿನ್ನ ಹಂಗೇ ಅನ್ನು! ನನ್ನ ಕಣ್ಣೆದುರಿಗೆ ಒತ್ತು ನೋಡೋಣ."

ತುಂಗಾ ಕುಳಿತಳು. ಔಷಧದ ನಂಬರು ಒತ್ತಿದಳು. ಪರದೆಯ ಮೇಲೆ ಮೂಡಿತು: ನಲವತ್ತು.

"ನೋಡು! ಇಲ್ಲದ್ದು ಎಲ್ಲಿಂದ ಬಂತು? ಬೇರೆ ಯಾವುದೋ ನಂಬರು ಒತ್ತಿದೀಯ."

"ಪಟ್ಟಿ ಇಲ್ಲಿದೆ. ದಯವಿಟ್ಟು ನೀವೇ ಒತ್ತಿ ಸಾರ್."

ಯಜಮಾನರು ಕನ್ನಡಕ ಸರಿಮಾಡಿಕೊಂಡು ಪಟ್ಟಿ ನೋಡಿ, ತೋರುಬೆರಳಿನಿಂದ ಒಂದೊಂದೇ ಕೀಲಿ ಕುಟ್ಟಿದರು. ಕೊನೆಯ ಕೀಲಿಯಿಂದ ಬೆರಳು ಎತ್ತುವ ಮೊದಲೇ ಉತ್ತರ ಬಂತು: ನಲವತ್ತು.

ಅಂಬಾ ಮೂಲೆಯಲ್ಲಿ ಪ್ರಾಕ್ಸಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದಳು. ಅಲ್ಲಿ ಟೆಲಿಫೋನ್ ಲೈನಿಗೆ ಸಿಕ್ಕಿಸಿದ ಒಂದು ಚಿಕ್ಕ ಡಬ್ಬಿ. ಕೆಂಗೇರಿಯ ಜೊತೆ ಮಾತಾಡುವಾಗ ಅದರ ಕೆಂಪು ದೀಪ ಮಿಣುಕುತ್ತದೆ. ಹೋದ ತಿಂಗಳು ಬಂದಾಗ ಆ ಮಿಣುಕನ್ನು ಎಣಿಸುತ್ತ ಕೂರುವುದೇ ಅವಳ ಆಟವಾಗಿತ್ತು. ಈಗ ಅವಳು ದೀಪ ನೋಡಿದಳು, ಪರದೆ ನೋಡಿದಳು, ಮತ್ತೆ ದೀಪ ನೋಡಿದಳು. ಬಾಯಿ ತೆರೆಯಿತು. ಮುಚ್ಚಿತು.

ಹೆತ್ತವಳಿಗೆ ಮಗುವಿನ ಬಾಯಿಗಿಂತ ಕಣ್ಣು ಚೆನ್ನಾಗಿ ಗೊತ್ತು. ತುಂಗಾಳ ನೋಟ ಮಗಳ ನೋಟದ ಹಿಂದೆಯೇ ಹೋಯಿತು. ಕೆಂಪು ದೀಪ ಸುಮ್ಮನೆ ಕಣ್ಣು ಮುಚ್ಚಿಕೊಂಡಿತ್ತು.

ಕೆಂಗೇರಿಗೆ ಹೋಗಿ ಬರಲು ಇದಕ್ಕೆ ಇಪ್ಪತ್ತು ಎಣಿಸುವಷ್ಟು ಹೊತ್ತು ಬೇಕು. ಈಗ ಒಂದು ಎಣಿಸುವ ಹೊತ್ತೂ ಆಗಲಿಲ್ಲ. ಹೋಗಿದ್ದರಲ್ಲವೇ ಹೊತ್ತಾಗುವುದು! ತುಂಗಾಗೆ ಬೆಳಗಿನ ರಾಮಮ್ಮ ಕಣ್ಣ ಮುಂದೆ ಬಂದಳು. ದಿನಾ ಹೋಗ್ತೀಯಲ್ಲ, ಹೋಗಿರ್ತೀಯ ಅಂತ ಹೇಳ್ದೆ.

"ಸಾರ್, ಇದೂ ನೋಡದೆ ಹೇಳ್ತಾ ಇದೆ!"

"ಯಾವುದಮ್ಮಾ?"

ಅವಳು ಫೋನು ಎತ್ತಿ ಗೋಡೌನಿಗೆ ತಿರುಗಿಸಿದಳು. ಅಲ್ಲಿನ ಹಳೆಯ ಆಳು ದೊಡ್ಡಹನುಮಯ್ಯ ಸಿಕ್ಕ. ತುಂಗಾ ರಿಸೀವರನ್ನು ಯಜಮಾನರ ಕಿವಿಯ ಹತ್ತಿರ ಹಿಡಿದು ಕೇಳಿದಳು. "ಹನುಮಯ್ಯನೋರೆ, ಈಗ ತಾನೆ ನಮ್ಮ ಕಡೆಯಿಂದ ನಿಮ್ಮ ಕಂಪ್ಯೂಟರಿಗೆ ಇಂಜೆಕ್ಷನ್ ಲೆಕ್ಕ ಕೇಳಿದ್ದು ಬಂತಾ?"

"ಯಾರೂ ಏನೂ ಕೇಳಿಲ್ಲ ಅಮ್ಮಾವ್ರೇ. ಬೆಳಿಗ್ಗೆಯಿಂದ ನಮ್ಮ ಪೆಟ್ಗೆ ತೂಕಡಿಸ್ತಾ ಕುಂತೈತೆ."

"ಅದರಲ್ಲಿ ಎಷ್ಟಿದೆ ಅಂತ ತೋರಿಸ್ತಾ ಇದೆ?"

"ಸೊನ್ನೆ. ಗುರುವಾರವೇ ಖಾಲಿಯಾಯ್ತಲ್ಲ."

ಸೋಮಲಿಂಗಪ್ಪ ಕುರ್ಚಿಯಲ್ಲಿ ಕುಳಿತರು. "ಹಂಗಾದ್ರೆ ನಲವತ್ತು ಅನ್ನೋದು?"

"ಬುಧವಾರ ಕೇಳಿದಾಗ ಬಂದ ಉತ್ತರ ಸಾರ್. ಇದು ಇಟ್ಟುಕೊಂಡಿದೆ, ಅದನ್ನೇ ಕೊಡ್ತಾ ಇದೆ."

"ಎರಡು ತಿಂಗಳು ಸರಿಯಾಗಿತ್ತಲ್ಲ? ಈಗೇನು ಬಂತು ಅದಕ್ಕೆ?"

ತುಂಗಾ ಪ್ರಾಕ್ಸಿಯತ್ತ ತಿರುಗಿದಳು. ಉತ್ತರ ಅವಳಿಗೆ ಹೊಳೆದಿತ್ತು, ಹೇಳುವುದು ಕಷ್ಟವಿತ್ತು. ಮೊದಲೆಲ್ಲ ಸಂಜೆ ಮನೆಗೆ ಹೊರಡುವಾಗ ಅವಳೇ ಪ್ರಾಕ್ಸಿಯನ್ನು ಆರಿಸಿ ಬಟ್ಟೆ ಹೊದಿಸುತ್ತಿದ್ದಳು. ಆರಿಸಿದರೆ ಅದರ ನೆನಪು ತೊಳೆದುಹೋಗುತ್ತದೆ, ಬೆಳಿಗ್ಗೆ ಎಲ್ಲವನ್ನೂ ಹೊಸದಾಗಿ ಕೇಳುತ್ತದೆ. ಹೋದ ಸೋಮವಾರ ಆಯುಧಪೂಜೆ. ಯಜಮಾನರು ಕಂಪ್ಯೂಟರುಗಳಿಗೆ ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆಸಿ ಅಪ್ಪಣೆ ಕೊಟ್ಟಿದ್ದರು: ಪೂಜೆಯಾದ ಯಂತ್ರ, ಇನ್ನು ಇದರ ದೀಪ ಆರಕೂಡದು. ಕರೆಂಟು ಹೋದರೂ ಆರದಂತೆ ಬ್ಯಾಟರಿ ತರಿಸಿದ್ದರು. ಅಂದಿನಿಂದ ಅದು ಮಲಗಿಯೇ ಇಲ್ಲ, ಏನನ್ನೂ ಮರೆತೂ ಇಲ್ಲ.

ಸುಮ್ಮನಿದ್ದರೆ ತಪ್ಪು ತನ್ನ ತಲೆಗೆ. ಹೇಳಿದರೆ ಯಜಮಾನರ ತಲೆಗೆ. ಮೂಲೆಯಿಂದ ಮಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಾನೇ ನುಂಗಿಕೊಂಡರೆ ಇವಳು ಯಾರಿಂದ ಕಲಿಯಬೇಕು?

"ಮೂರೂ ತಪ್ಪು ಆಯುಧಪೂಜೆ ಆದ್ಮೇಲೆ ಆಗಿದ್ದು ಸಾರ್. ರಾತ್ರಿ ಆರಿಸೋದು ನಿಲ್ಸಿದ್ವಿ. ಅದಕ್ಕೆ ಮರೆಯೋಕೆ ಹೊತ್ತೇ ಸಿಕ್ಕಿಲ್ಲ."

ಸೋಮಲಿಂಗಪ್ಪ ವಾರದ ಹಿಂದಿನ ಬಾಡಿದ ಹಾರವನ್ನು ನೋಡಿದರು. ಒಣಗಿದ ಎಸಳೊಂದನ್ನು ಕಿತ್ತು ಬೆರಳಲ್ಲಿ ಪುಡಿ ಮಾಡಿದರು.

"ದೀಪ ಆರಿಸ್ಬೇಡಿ ಅಂದವನು ನಾನೇ ಅಲ್ವಾ?"

"ಹೌದು ಸಾರ್."

ಅವರು ಹೊಟ್ಟೆ ಕುಣಿಯುವಂತೆ ನಕ್ಕರು. "ಸಿದ್ದಬಸಪ್ಪನಿಗೆ ಫೋನ್ ಮಾಡ್ರೋ!"

ಸಿದ್ದಬಸಪ್ಪ ಸ್ಕೂಟರಿನಲ್ಲಿ ಓಡಿ ಬಂದು, ಪ್ರಾಕ್ಸಿ ಬರೆದಿಟ್ಟುಕೊಂಡಿದ್ದ ದಿನಚರಿಯನ್ನು ಪ್ರಿಂಟರಿನಲ್ಲಿ ಕರಕರ ತೆಗೆದ. ಯಾರು, ಯಾವ ಹೊತ್ತಿಗೆ, ಏನು ಕೇಳಿದರು, ಉತ್ತರ ಕೆಂಗೇರಿಯದೋ ಇಟ್ಟುಕೊಂಡದ್ದೋ, ಎಲ್ಲ ಇತ್ತು. ತುಂಗಾ ಒತ್ತಿದ ನಂಬರುಗಳಲ್ಲಿ ಒಂದೂ ತಪ್ಪಿರಲಿಲ್ಲ. "ಸಾರ್, ದಿನಾ ಆರಿಸ್ತಾರೆ ಅಂದ್ಕೊಂಡೇ ಬರೆದಿದ್ದು. ಮೇಡಂ ಹೇಳಿದ್ದು ಅಕ್ಷರಶಃ ನಿಜ."

ತುಂಗಾ ಕಾಗದದ ಮೇಲೆ ಇನ್ನೊಂದನ್ನೂ ಕಂಡಳು. ಪ್ರತಿಯೊಬ್ಬರ ಹೆಸರಿನ ಪಕ್ಕದಲ್ಲಿ ಅವರ ಗುಟ್ಟಿನ ಪಾಸ್‌ವರ್ಡು, ಯಜಮಾನರದೂ ಸೇರಿ, ಯಾರು ಬೇಕಾದರೂ ಓದುವಂತೆ ಅಚ್ಚಾಗಿತ್ತು. "ಇದನ್ನೆಲ್ಲ ಯಾಕಪ್ಪ ಬರೆದಿಡತ್ತೆ? ಬಾಗಿಲು ಕಾಯೋರು ಚೀಟಿ ತಲುಪಿಸಿದ್ರೆ ಸಾಕು, ಒಳಗಿಂದು ಓದಿಟ್ಕೋಬಾರ್ದು." ಸಿದ್ದಬಸಪ್ಪ ಕಿವಿ ಕೆಂಪಾಗಿಸಿಕೊಂಡು ಆ ಹಾಳೆಯನ್ನು ಚೂರು ಚೂರು ಮಾಡಿದ, ಇನ್ನು ಅದು ಬರೆದಿಡದ ಹಾಗೆ ಮಾಡ್ತೀನಿ ಎಂದ.

"ಇನ್ನು ಮೇಲೆ ದಿನಾ ಆರಿಸೋದೇ ದಾರಿನಾ?" ಸೋಮಲಿಂಗಪ್ಪ ಕೇಳಿದರು. ದನಿಯಲ್ಲಿ ಸ್ವಲ್ಪ ಅಳುಕಿತ್ತು. ಪೂಜೆಯ ದೀಪ ನೋಡಿ.

"ಬೇಡ ಸಾರ್, ದೀಪ ಇರಲಿ. ಮರೆಯೋದು ಕಲಿಸಿದ್ರೆ ಸಾಕು" ಎಂದಳು ತುಂಗಾ. "ಉಪ್ಪಿನಕಾಯಿ ವರ್ಷಗಟ್ಟಲೆ ಇಡ್ತೀವಿ, ಹಾಲು ಇಡ್ತೀವಾ? ಔಷಧದ ಹೆಸರು, ಕಂಪನಿ, ಇವು ಉಪ್ಪಿನಕಾಯಿ, ಇಟ್ಕೊಳ್ಳಲಿ. ಎಷ್ಟು ಉಳಿದಿದೆ ಅನ್ನೋದು ಹಾಲು. ಅದನ್ನ ಪ್ರತಿ ಸಲ ಹೋಗಿ ನೋಡ್ಕೊಂಡೇ ಬಂದು ಹೇಳ್ಲಿ."

ಸಿದ್ದಬಸಪ್ಪ ಜೇಬಿನಿಂದ ಪೆನ್ನು ತೆಗೆದು ಪೆಟ್ರೋಲ್ ಚೀಟಿಯ ಹಿಂದೆ ಬರೆದುಕೊಂಡ: ಉಪ್ಪಿನಕಾಯಿ, ಹಾಲು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ತುಂಗಾ ಮತ್ತೆ ಒತ್ತಿದಳು. ಕೆಂಪು ದೀಪ ಮಿಣುಕತೊಡಗಿತು. ಅಂಬಾ ತುಟಿಯಲ್ಲೇ ಎಣಿಸಿದಳು. ಹತ್ತೊಂಬತ್ತಕ್ಕೆ ಪರದೆಯ ಮೇಲೆ ಬಂತು: ಸೊನ್ನೆ. ಸೊನ್ನೆ ನೋಡಿ ಇಷ್ಟು ಸಂತೋಷಪಟ್ಟ ಆಫೀಸು ರಾಜಾಜಿನಗರದಲ್ಲಿ ಇನ್ನೊಂದಿರಲಾರದು. ಹಿಂದಿನ ಮೇಜಿನವರೂ ಎದ್ದು ಚಪ್ಪಾಳೆ ತಟ್ಟಿದರು.

ಸೋಮಲಿಂಗಪ್ಪ ತಾವೇ ವಿಜಯನಗರದ ಅಂಗಡಿಗೆ ಫೋನು ಮಾಡಿ, ತಪ್ಪು ನಮ್ಮದು, ಬೇರೆ ಕಡೆಯಿಂದ ತರಿಸಿ ಸಂಜೆಯೊಳಗೆ ಕಳಿಸ್ತೀವಿ ಎಂದರು. ಆಮೇಲೆ ಟೈಪ್ ಮಾಡಿಸಿದ ಒಂದು ಹಾಳೆಗೆ ಸಹಿ ಹಾಕಿ ತುಂಗಾಳ ಮುಂದಿಟ್ಟರು. "ಶುಕ್ರವಾರದವರೆಗೆ ಯಾಕಮ್ಮಾ ಕಾಯೋದು? ಇವತ್ತಿಂದಲೇ ಕಾಯಂ. ಜೋಪಾನವಾಗಿ ಇಟ್ಕೋ, ಹಾಲಲ್ಲ ಇದು, ಉಪ್ಪಿನಕಾಯಿ!"

ಸಂಜೆ ಬಸ್ಸಿಳಿದು ತುಂಗಾ ಬೇಕರಿಯಲ್ಲಿ ಕಾಲು ಕೇಜಿ ಬಾದೂಷಾ ಕಟ್ಟಿಸಿದಳು. ಮನೆಗೂ ಮೊದಲು ರಾಮಮ್ಮನ ಮನೆ. ಆ ನಂಬರು ಇಲ್ಲದಿದ್ದರೆ ಈ ಕೆಲಸದ ಕರೆಯೇ ಬರುತ್ತಿರಲಿಲ್ಲವಲ್ಲ. ದಾರಿಯಲ್ಲಿ ಎದುರುಮನೆಯ ಅಂಜಮ್ಮ ಮೆಟ್ಟಿಲ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತ, "ಏನ್ ತುಂಗಕ್ಕ, ಮುಖ ಬೆಳಗ್ತಾ ಐತಲ್ಲ" ಅಂತ ನಕ್ಕಳು.

"ಕಾಯಂ ಆಯ್ತಂತೆ!" ಎಂದಳು ರಾಮಮ್ಮ ಬಾಗಿಲಲ್ಲೇ. ಆಫೀಸಿನವರು ಯಾರೋ ಆಗಲೇ ಫೋನು ಮಾಡಿಬಿಟ್ಟಿದ್ದರು. ತುಂಗಾ ನಕ್ಕು ಪೊಟ್ಟಣ ಕೈಗಿತ್ತಳು. ಅಷ್ಟರಲ್ಲಿ ಫೋನು ರಿಂಗಾಯಿತು. ರಾಮಮ್ಮ ಬಾದೂಷಾ ಹಿಡಿದ ಕೈಯಲ್ಲೇ ಎತ್ತಿದಳು.

"ಹಲೋ... ಯಾರು ಬೇಕಿತ್ತು, ಅಂಜಮ್ಮನಾ? ಇಲ್ಲ ಕಣಪ್ಪಾ. ಸೋಮವಾರ ಸಂಜೆ ಅವಳು ದೇವಸ್ಥಾನಕ್ಕೆ..."

ತುಂಗಾಳ ನಾಲಿಗೆಯ ತುದಿಗೆ ಮಾತು ಬಂತು. ಅವಳು ತಡೆದುಕೊಂಡಳು. ಪಕ್ಕದಲ್ಲಿ ಮಗಳ ಬಾಯಿ ಅರ್ಧ ತೆರೆದಿತ್ತು. ಅಂಬಾ ಅಮ್ಮನ ಮುಖ ನೋಡಿದಳು. ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು, ಅಷ್ಟೆ. ಈ ಸಲ ಆ ಬಾಯಿ ಮುಚ್ಚಲಿಲ್ಲ.

"ಅಜ್ಜೀ," ಎಂದಳು ಅಂಬಾ, ಬೀದಿಗೆಲ್ಲ ಕೇಳುವಂತೆ, "ನೋಡದೇನೇ ಹೆಂಗೆ ಹೇಳ್ತೀರಾ?"