ಹೋಟೆಲಿನವರ ಕಡೆಯಿಂದ

ಪುಕ್ಕಟೆ ಊಟಕ್ಕೆ ಕರೆದರೆ ಬೇಡ ಅನ್ನುವವರು ಕರಿಘಟ್ಟದ ಕೆಳಗೆ ಎಷ್ಟು ಜನ ಇದ್ದಾರು? ಹೊಸ ರೆಸಾರ್ಟಿನವರು ಕರೆದರೆಂದು ಬಡಗಿ ಸುರೇಂದ್ರನೂ ಹೊರಟ. ಹೊರಡುವಾಗ ಮಹಾ ಬುದ್ಧಿವಂತನ ಹಾಗೆ ಕನ್ನಡಕವನ್ನು ಮನೆಯಲ್ಲೇ ಬಿಟ್ಟ. ಕನ್ನಡಕವಿಲ್ಲದೆ ಅವನಿಗೆ ಅಕ್ಷರ ಕಾಣದು. ಕಾಣದವನ ಹತ್ತಿರ ಯಾರು ಸಹಿ ಹಾಕಿಸಿಕೊಂಡಾರು?

"ಉಂಡು ಬತ್ತೀನಿ, ಅಷ್ಟೆಯ. ಒಂದ್ ಗೀಟೂ ಎಳೆಯಾಕಿಲ್ಲ," ಎಂದ.

"ಉಣ್ಣಾಕೆ ಅಲ್ಲಿಗ್ಯಾಕೆ ಓಗ್ಬೇಕು? ಮನೇಲಿ ಮುದ್ದೆ ಇಲ್ವಾ?" ಎಂದಳು ಹೆಂಡತಿ ವೀಣ. ಅವನು ಕೇಳಿಸಿಕೊಳ್ಳಲಿಲ್ಲ.

ಲೋಕಪಾವನಿ ದಂಡೆಯ ಹೊಸ ರೆಸಾರ್ಟಿಗೂ ರಸ್ತೆಗೂ ನಡುವೆ ಅಡ್ಡ ನಿಂತಿದ್ದದ್ದು ಸುರೇಂದ್ರನ ತಾತ ಕಟ್ಟಿದ ಮರಗೆಲಸದ ಕೊಟ್ಟಿಗೆ. ಬಿಟ್ಟುಕೊಡಿ ಎಂದು ಅವರು ವರ್ಷದಿಂದ ಕೇಳುತ್ತಲೇ ಇದ್ದರು, ಆಗಾಕಿಲ್ಲ ಎಂದು ಇವನು ಹೇಳುತ್ತಲೇ ಇದ್ದ. ಊರ ಯಜಮಾನ ದಾಸಯ್ಯ ಇವನ ಬೆನ್ನಿಗಿದ್ದ, ಹಾಗಾಗಿ ಯಾರೂ ಕೈ ಹಾಕಿರಲಿಲ್ಲ. ದಾಸಯ್ಯ ಸುಮ್ಮಸುಮ್ಮನೆ ಬೆನ್ನಿಗಿದ್ದವನಲ್ಲ. ಸುರೇಂದ್ರನ ಮನೆಯವರು ಮಾತಿಗೆ ತಪ್ಪಿದವರಲ್ಲ. ಬಾಗಿಲೋ ತೊಟ್ಟಿಲೋ, ಯಾವ ಕೆಲಸವೇ ಇರಲಿ, ನಾಲ್ಕು ಜನರೆದುರು ಎಲೆ ಅಡಿಕೆಯ ತಟ್ಟೆಯನ್ನು ಎರಡು ಕೈಯಲ್ಲಿ ಇಸಿದುಕೊಂಡರೆ ಒಪ್ಪಿದಂತೆ. ಮೂರು ತಲೆಮಾರು ಕಾಗದವಿಲ್ಲದೆ ಹೀಗೇ ನಡೆದಿತ್ತು.

ರೆಸಾರ್ಟಿನಲ್ಲಿ ಮೇಜಿಗೆ ಕೂತದ್ದೇ ತಡ, ಸಪ್ಲೈಯರ್ ಅಶೋಕ್ ಪಾನಕ ತಂದಿಟ್ಟ.

"ನಾನ್ ಕೇಳ್ನಿಲ್ವಲ್ಲಪ್ಪ."

"ಆನ್ ದಿ ಹೌಸ್, ಸಾರ್."

"ಅಂಗಂದ್ರೆ?"

"ಹೋಟೆಲಿನವರ ಕಡೆಯಿಂದ. ದುಡ್ಡಿಲ್ಲ."

ಸೂಪು ಬಂತು, ಅದು ಕಾಂಪ್ಲಿಮೆಂಟರಿಯಂತೆ. ಹೋಳಿಗೆ ಬಂತು, ಅದು ಟ್ರೀಟಂತೆ. ದುಡ್ಡಿಲ್ಲ ಅನ್ನುವುದಕ್ಕೆ ಇವರ ಹತ್ತಿರ ಎಷ್ಟೊಂದು ಮಾತು ಎಂದು ಸುರೇಂದ್ರನಿಗೆ ನಗು ಬಂತು. ಆದರೆ ಅಶೋಕ್ ಒಂದು ಸಲವೂ ಇವನ ಮುಖ ನೋಡಲಿಲ್ಲ. ಅಷ್ಟು ದೊಡ್ಡ ಹಾಲಿನಲ್ಲಿ ಉಣ್ಣುತ್ತಿದ್ದವನು ಇವನೊಬ್ಬನೇ. ಪಕ್ಕದ ಮೇಜಿನಲ್ಲಿ ದಾಸಯ್ಯನೂ ಊರಿನ ಇನ್ನಿಬ್ಬರೂ ಬರೀ ನೀರಿನ ಲೋಟ ಇಟ್ಟುಕೊಂಡು ಕೂತಿದ್ದರು. ನಮಸ್ಕಾರ ಮಾಡಿದರೆ ದಾಸಯ್ಯ ತಲೆಯಾಡಿಸಿದ. ಸುರೇಂದ್ರ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟ. ಈಗ ಕಾಗದ ತರುತ್ತಾರೆ, ಈಗ ತರುತ್ತಾರೆ ಎಂದು ಕಾದ. ಯಾರೂ ತರಲಿಲ್ಲ. ಸದ್ಯ, ಬದುಕಿದೆ ಎಂದುಕೊಂಡು ಕೈ ತೊಳೆದು ಬಂದ.

ಆಗ ಮ್ಯಾನೇಜರ್ ರಘುನಂದನ್ ಬಂದ. ಹಾಲಿನ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಬಂದ. ಕೈಯಲ್ಲಿ ಹಿತ್ತಾಳೆ ತಟ್ಟೆ. ಅದರಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ.

"ಇದೂ ಆನ್ ದಿ ಹೌಸ್, ಸುರೇಂದ್ರಣ್ಣ," ಎಂದ.

ಉಂಡ ಮೇಲೆ ತಾಂಬೂಲ ಕೊಟ್ಟರೆ ಬೇಡ ಅನ್ನುತ್ತಾರೆಯೇ? ಮೂವತ್ತು ವರ್ಷದ ಅಭ್ಯಾಸದ ಕೈಗಳು ತಾವಾಗಿಯೇ ಮುಂದೆ ಹೋದವು. ಎದ್ದು ನಿಂತು ಎರಡೂ ಕೈಯಲ್ಲಿ ಇಸಿದುಕೊಂಡ.

ದಾಸಯ್ಯ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದ. "ಆಯ್ತಲ್ಲ. ನಾವ್ ಮೂರ್ ಜನ ನೋಡ್ದೋ."

"ಏನಾಯ್ತು? ಇದು ಊಟದ ತಾಂಬೂಲ ಕಣಣ್ಣ."

"ಕೊಟ್ಟಿಗೆ ಮಾತಿಗೆ ಎಲೆ ಕೊಡ್ತೀವಿ, ಬಂದು ನೋಡಿ ಅಂತ ಬೆಳಿಗ್ಗೇನೇ ಏಳವ್ರೆ. ನಿಂಗ್ ಗೊತ್ತಿಲ್ದೆ ಇದ್ದಾತೇನ್ಲಾ? ಇಸ್ಕಂಡವ್ನು ನೀನೇಯ."

ಸುರೇಂದ್ರ ತಟ್ಟೆಯನ್ನು ವಾಪಸು ಚಾಚಿದ. ರಘುನಂದನ್ ಆಗಲೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ನಾನೂ ಇಲ್ಲಿಯವ್ನೇ ಅಣ್ಣ, ಪಾಂಡವಪುರದವ್ನು," ಎಂದ ಮೆಲ್ಲಗೆ. "ನಮ್ಮನೆ ಬಾಗ್ಲು ಮಾಡಿದ್ದು ನಿಮ್ಮ ತಂದೆ. ನಮ್ಮಪ್ಪ ಎಲೆ ಕೊಟ್ಟಾಗ ನಾನು ಪಕ್ಕದಲ್ಲೇ ಇದ್ದೆ."

ಇಲ್ಲ ಅಂದುಬಿಡಬಹುದಿತ್ತು. ಆದರೆ ಹಾಗಂದರೆ ನಾಳೆಯಿಂದ ಅವನ ಕೈಗೆ ಎಲೆ ಇಡುವವರು ಯಾರು? ಅಯ್ಯೋ, ಸಹಿಗೆ ಹೆದರಿ ಕನ್ನಡಕ ಬಿಟ್ಟು ಬಂದ ಪುಣ್ಯಾತ್ಮ ಕೈಗಳನ್ನು ಎಲ್ಲಿ ಬಿಟ್ಟು ಬರಬೇಕಿತ್ತು? ಸುಡು ಬಿಸಿಲಲ್ಲಿ ತಟ್ಟೆ ಹಿಡಿದೇ ಮನೆಗೆ ನಡೆದ.

ಜಗಲಿಯಲ್ಲಿ ಕೂತಿದ್ದ ಅವನ ತಾಯಿ ಮಂಗಳಮ್ಮ ಮೊದಲು ತಟ್ಟೆ ನೋಡಿದಳು, ಆಮೇಲೆ ಮಗನ ಮುಖ.

"ಯಾರಿಗ್ಲಾ ಮಾತ್ ಕೊಟ್ಟೆ?"

"ಕೊಡ್ನಿಲ್ಲ ಕಣವ್ವ. ರೆಸಾರ್ಟ್ನೋರ್ ತಾವ ಉಂಡ್ ಬಂದೆ, ಅಷ್ಟೆಯ."

ಮಂಗಳಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಕೊಟ್ಟಿಗೆಗೆ ಹೋದಳು. ಗೋಡೆಗೆ ಸಿಕ್ಕಿಸಿದ್ದ ಮಾವನ ಉಳಿಗಳನ್ನು ಒಂದೊಂದಾಗಿ ಇಳಿಸಿ ಸೆರಗಿಗೆ ಹಾಕಿಕೊಳ್ಳತೊಡಗಿದಳು.