ಬೇಡಲು ಕಲಿಯದ ಮಗಳು

ಹೆದರಿಕೆಯಾದರೆ ನಮ್ಮ ಯಜಮಾನರಿಗೆ ಮಾತು ಜಾಸ್ತಿಯಾಗುತ್ತದೆ, ನನಗೆ ಬಾಯಿ ಕಟ್ಟಿಹೋಗುತ್ತದೆ. ಹಾಗಾಗಿ ಆ ವಾರವೆಲ್ಲ ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಅವರದೇ ದರ್ಬಾರು.

ಭಾನುವಾರ ಬೆಳಿಗ್ಗೆ ಸಮುದ್ರ ಉಕ್ಕಿ ಊರುಗಳ ಮೇಲೆ ಬಂದಿತ್ತು. ಸುನಾಮಿ ಅನ್ನುವ ಹೆಸರನ್ನು ನಾನು ಕೇಳಿದ್ದೇ ಅವತ್ತು. ನಮ್ಮ ಒಬ್ಬಳೇ ಮಗಳು ರಕ್ಷಿತಾ ನಿಕೋಬಾರಿನ ಒಂದು ದ್ವೀಪದ ಶಾಲೆಯಲ್ಲಿ ಟೀಚರ್ ಆಗಿದ್ದಳು. ಫೋನ್ ಮಾಡಿದರೆ ಕೊಂಯ್ ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ. ಟಿವಿಯಲ್ಲಿ ನೀರು ತೋರಿಸಿದಾಗಲೆಲ್ಲ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡುತ್ತಿದ್ದೆ.

ಯಜಮಾನರು ಬನ್ನಿಮಂಟಪದ ಪಾತ್ರೆ ಅಂಗಡಿಗೆ ಬೀಗ ಹಾಕಿ ಜಗಲಿಯಲ್ಲಿ ಕೂತುಬಿಟ್ಟರು. ಪಕ್ಕದ ಮನೆಯ ಗೋವಿಂದರಾಜು ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಅವರೂ ಬಂದು ಕೂರುತ್ತಿದ್ದರು. ಇಬ್ಬರೂ ಸೇರಿ ಅಮೆರಿಕಾ, ಜಪಾನು, ಜರ್ಮನಿಗಳನ್ನು ಕಟಕಟೆಯಲ್ಲಿ ನಿಲ್ಲಿಸಿ ವಿಚಾರಣೆ ನಡೆಸುತ್ತಿದ್ದರು. ಶ್ರೀಮಂತ ದೇಶಗಳು ಕೊಡುವುದು ತಮ್ಮ ಊಟದೆಲೆಯ ಮೇಲೆ ಉಳಿದದ್ದನ್ನು ಎಂದು ಇವರು. ಹಿಂದಿನ ವರ್ಷ ಇರಾನಿನಲ್ಲಿ ಭೂಕಂಪವಾದಾಗ ಟಿವಿ ಮುಂದೆ ಕೊಡುತ್ತೇವೆಂದದ್ದರಲ್ಲಿ ಕಾಲು ಭಾಗವೂ ತಲುಪಲಿಲ್ಲವಂತೆ, ಆದರೆ ಬಂದಷ್ಟಾದರೂ ಬರಲಿ ಅಂತ ಗೋವಿಂದರಾಜು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಮಾತಿನಲ್ಲಿ ರಕ್ಷಿತಾಳ ಹೆಸರು ಮಾತ್ರ ಬರುತ್ತಿರಲಿಲ್ಲ. ಹೆಸರೆತ್ತಿದರೆ ಏನಾಗಿಬಿಡುತ್ತದೋ ಎಂದು ಇವರಿಗೆ ದಿಗಿಲು. ಅದು ನನಗೆ ಗೊತ್ತಿತ್ತು, ಆದರೂ ಸಿಟ್ಟು ಬರುತ್ತಿತ್ತು.

ಹೊರದೇಶದ ನೆರವು ಬೇಡ, ನಮ್ಮವರನ್ನು ನಾವೇ ನೋಡಿಕೊಳ್ಳುತ್ತೇವೆ ಎಂದು ನಮ್ಮ ಸರ್ಕಾರ ಹೇಳಿತೆಂದು ಸುದ್ದಿ ಬಂತು. ಇವರು ತೊಡೆ ತಟ್ಟಿದರು. ಅವತ್ತು ನನ್ನ ಕಟ್ಟಿದ ಬಾಯಿ ಬಿಚ್ಚಿತು.

"ನಿಮಗೆ ಬ್ಯಾಡ ಕಣ್ರೀ. ಅಲ್ಲಿ ಕೂತಿರೋಳಿಗೆ ಬೇಕೋ ಬ್ಯಾಡ್ವೋ ಯಾರಾದ್ರೂ ಕೇಳಿದ್ರಾ?"

ಗೋವಿಂದರಾಜು ಮೆಲ್ಲಗೆ ಎದ್ದು ಮನೆಗೆ ಹೋದರು.

ಇವರ ಈ ಬಿಗುಮಾನದ ಬೇರು ಬೇರೆ ಕಡೆ ಇದೆ. ನಮ್ಮದು ಜಂಗಮರ ಮನೆ. ನಮ್ಮ ಮಾವನವರು ಸೋಮವಾರ ಸೋಮವಾರ ಜೋಳಿಗೆ ಹಾಕಿಕೊಂಡು ಭಕ್ತರ ಮನೆಗಳಿಗೆ ಭಿಕ್ಷಕ್ಕೆ ಹೋಗುತ್ತಿದ್ದರು. ಜಂಗಮರು ಬಾಗಿಲಿಗೆ ಬಂದರೆ ಮನೆಯವರು ಕಾಲಿಗೆ ನೀರು ಹಾಕಿ, ನಮಸ್ಕಾರ ಮಾಡಿ, ಆಮೇಲೆ ಅಕ್ಕಿ ನೀಡುವುದು. ಕೊಟ್ಟವರೇ ಪುಣ್ಯವಂತರು, ಬೇಡಿದವರಿಗೆ ಕುಂದಿಲ್ಲ. ಆದರೆ ಇವರ ಜೊತೆ ಓದುತ್ತಿದ್ದ ಶಾಲೆಯ ಹುಡುಗರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಅವರು ಇವರನ್ನು ಭಿಕ್ಷದ ಸ್ವಾಮಿ ಎಂದು ಆಡಿಕೊಂಡರು. ಮಾವನವರು ತೀರಿಕೊಂಡ ಮೇಲೆ ಇವರು ಆ ಪದ್ಧತಿಯನ್ನೇ ನಿಲ್ಲಿಸಿದರು. ಮಗಳಿಗೆ ಕಲಿಸಿದ್ದೂ ಒಂದೇ ಪಾಠ: ಯಾರ ಹತ್ತಿರವೂ ಏನನ್ನೂ ಕೇಳಬಾರದು.

ಅವಳಿಗೆ ಏಳು ವರ್ಷವಿದ್ದಾಗ ನಂಜನಗೂಡಿನಲ್ಲಿ ಒಂದು ಮದುವೆ. ಊಟಕ್ಕೆ ಕೂತಾಗ ಬಡಿಸುವವರು ಅವಳ ಎಲೆ ಮರೆತು ಮುಂದೆ ಹೋಗಿಬಿಟ್ಟರು. ಮಗು ಕೇಳಲಿಲ್ಲ. ಎಲೆಯ ತುದಿಗಿದ್ದ ಉಪ್ಪು, ಉಪ್ಪಿನಕಾಯಿ ನೆಕ್ಕಿ, ಎಲ್ಲರ ಜೊತೆ ಎದ್ದು ಕೈ ತೊಳೆದುಕೊಂಡು ಬಂತು. ಇವರು ಅದನ್ನು ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ನನಗೆ ಅವತ್ತೇ ಅದು ಹಿಡಿಸಲಿಲ್ಲ. ಅತ್ತರೆ ತಾನೇ ತಾಯಿಯೂ ಹಾಲು ಕೊಡುವುದು?

ಈಗ ನನಗಿದ್ದ ಭಯ ಬರೀ ನೀರಿನದಲ್ಲ. ಅವಳು ಬದುಕಿದ್ದರೂ ಅನ್ನ ನೀರು ಹಂಚುವ ಸಾಲಿನ ಕೊನೆಯಲ್ಲಿ ನಿಂತಿರುತ್ತಾಳೆ. ಪಾತ್ರೆ ಖಾಲಿಯಾದರೆ ಸುಮ್ಮನೆ ತಿರುಗಿ ಹೋಗುತ್ತಾಳೆ.

ಗುರುವಾರ ಮಧ್ಯಾಹ್ನ ಗೋವಿಂದರಾಜು ಅವರ ಮಗ ವಾಗೀಶ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದ. ಅವನಿಗೆ ಹ್ಯಾಮ್ ರೇಡಿಯೋ ಹವ್ಯಾಸ. ಅವರ ಮಹಡಿಯ ಕೋಣೆಯಲ್ಲಿ ಯಂತ್ರವಿಟ್ಟುಕೊಂಡು ದೇಶದೇಶದವರ ಜೊತೆ ಮಾತಾಡುವವನು. ಭಾನುವಾರದಿಂದ ಅವನು ಪೋರ್ಟ್ ಬ್ಲೇರಿನಲ್ಲಿದ್ದ ಇನ್ನೊಬ್ಬ ಹವ್ಯಾಸಿಯ ಜೊತೆ ಸಂಪರ್ಕದಲ್ಲಿದ್ದ. ರಕ್ಷಿತಾ ಬದುಕಿದ್ದಾಳೆ, ಶಾಲೆಯ ಮಕ್ಕಳ ಜೊತೆ ಗುಡ್ಡದ ಮೇಲಿದ್ದಾಳೆ ಎಂದ. ಆದರೆ ಅವನ ಮುಖದಲ್ಲಿ ನಗು ಇರಲಿಲ್ಲ. ಬಾವಿಗಳಿಗೆಲ್ಲ ಉಪ್ಪುನೀರು ನುಗ್ಗಿದೆಯಂತೆ. ಮೊದಲು ಬಂದ ದೋಣಿಯ ನೀರನ್ನು ಅವಳು ಮಕ್ಕಳಿಗೆ ಕುಡಿಸಿ, ತಾನು ಮುಟ್ಟಲಿಲ್ಲವಂತೆ. ಈಗ ಜ್ವರ ಬಂದು ಮಲಗಿದ್ದಾಳಂತೆ.

ನಾವು ಅವರ ಮಹಡಿ ಹತ್ತಿದೆವು. ಪೋರ್ಟ್ ಬ್ಲೇರಿನವನು ದ್ವೀಪದ ಶಿಬಿರಕ್ಕೆ ವೈರ್‌ಲೆಸ್ಸಿನಲ್ಲಿ ಮಾತು ದಾಟಿಸುತ್ತಾನೆ, ಸಾಲಿನಲ್ಲಿ ಎಷ್ಟೋ ಮನೆಯವರಿದ್ದಾರೆ, ಒಂದೇ ಮಾತು ಹೇಳಿ ಎಂದ ವಾಗೀಶ. ಅಷ್ಟು ದಿನ ಲೋಕಕ್ಕೆಲ್ಲ ಬುದ್ಧಿ ಹೇಳಿದ ನಮ್ಮ ಯಜಮಾನರು ಗಂಟಲಲ್ಲಿ ಕಡುಬು ಸಿಕ್ಕಿದವರ ಹಾಗೆ ನಿಂತರು. ನಾನು ಅವರ ತೋಳು ಹಿಡಿದು ಅಲ್ಲಾಡಿಸಿದೆ. ಆಮೇಲೆ ಹೇಳಿದರು:

"ಬೇಡಿಕೊಂಡು ಕುಡೀಬೇಕಂತೆ ಅನ್ನು. ಅವರಪ್ಪ ಹೇಳಿದ್ರು ಅನ್ನು."

ವಾಗೀಶ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ನಾವು ಕಾದೆವು. ಕೆಳಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಯಂತ್ರ ಸುಮ್ಮನೆ ಮೊರೆಯುತ್ತಿತ್ತು. ಕುರ್ಚಿ ಕೊಟ್ಟರೂ ನನಗೆ ಕೂರಲು ಆಗಲಿಲ್ಲ. ಕೊನೆಗೆ ಉತ್ತರ ಬಂತು. ವಾಗೀಶ ಕಿವಿಯ ಹೆಡ್‌ಫೋನ್ ಒತ್ತಿಕೊಂಡು ಕೇಳಿದ, ನಮ್ಮ ಕಡೆ ತಿರುಗಲೇ ಇಲ್ಲ. ನಾನು ಗದರಿಸಿದ ಮೇಲೆ ಹೇಳಿದ.

"ಅವಳು ನಂಬ್ತಿಲ್ಲ ಆಂಟಿ. ನಮ್ಮಪ್ಪ ಹಂಗೆ ಹೇಳೋರಲ್ಲ, ಅವರಿಗೇನಾಗಿದೆ, ನಿಜ ಹೇಳಿ ಅಂತಿದ್ದಾಳಂತೆ. ನೀರು ಕೊಟ್ರೂ ಮುಖ ತಿರುಗಿಸ್ಕೊಂಡ್ಬುಟ್ಟಿದ್ದಾಳಂತೆ."

ಇವರು ವಾಗೀಶನ ಕೈಯಿಂದ ಮೈಕನ್ನು ತೆಗೆದುಕೊಂಡರು. ಗುಂಡಿ ಒತ್ತಿ ಹಿಡಿದರೆ ಇಲ್ಲಿಯ ಮಾತು ಅಲ್ಲಿಗೆ ಹೋಗುತ್ತದೆ, ಬಿಟ್ಟರೆ ಮಾತ್ರ ಅಲ್ಲಿಯದು ಇಲ್ಲಿಗೆ ಕೇಳಿಸುತ್ತದೆ ಎಂದು ಅವನು ತೋರಿಸಿಕೊಟ್ಟ. ಇವರು ಒತ್ತಿದರು. ಆ ಕಡೆಯವನಿಗೆ ಕನ್ನಡ ಬರುವುದಿಲ್ಲ ಎನ್ನುವುದು ಇವರಿಗೆ ನೆನಪಿತ್ತೋ ಇಲ್ಲವೋ.

"ಸ್ವಾಮಿ, ನಾನು ಅವಳಪ್ಪ ರುದ್ರಸ್ವಾಮಿ. ಚೆನ್ನಾಗಿದ್ದೀನಿ. ನಿಮ್ಮನ್ನ ಬೇಡ್ಕೋತೀನಿ, ನನ್ನ ಮಗಳಿಗೆ ಒಂದು ಲೋಟ ನೀರು ಕುಡಿಸಿ. ಯಾವ ದೇಶದ ನೀರಾದ್ರೂ ಸರಿ. ಯಾರು ಕೊಟ್ರೂ ಸರಿ."

ಹೇಳಿದ್ದನ್ನೇ ಮತ್ತೆ ಹೇಳಿದರು. ಮತ್ತೆ ಹೇಳಿದರು. ಕೈ ಬೆವತು ಮೈಕ್ ಜಾರುತ್ತಿತ್ತು, ಹೆಬ್ಬೆರಳು ಮಾತ್ರ ಗುಂಡಿಯನ್ನು ಬಿಡಲಿಲ್ಲ.

"ಗುಂಡಿ ಬಿಡಿ ಅಂಕಲ್," ಎಂದ ವಾಗೀಶ. "ಬಿಟ್ರೆ ತಾನೇ ಅವರೇನಂತಾರೆ ಅಂತ ಗೊತ್ತಾಗೋದು."

ಇವರು ಬಿಡಲಿಲ್ಲ. ಬೇಡುತ್ತಲೇ ಇದ್ದರು. ಆ ಹುಡುಗ ಬೆರಳು ಬಿಡಿಸಲು ಕೈ ಚಾಚಿದಾಗ ನಾನು ಅವನ ಕೈ ಹಿಡಿದುಕೊಂಡೆ, ಆ ಕಡೆಯ ಉತ್ತರ ಕೇಳುವ ಧೈರ್ಯ ನನಗೂ ಇರಲಿಲ್ಲ.