ಎಸೆನ್‌ಕುಲ್ ಹಾಕಿದ ಬೀಗ

"ತಂತಿ ಮುಟ್ಟಬೇಡಿ ಅತ್ತೆ, ಕೈ ಮುಗೀತೀನಿ!" ಎಂದು ಎರ್ಮೆಕ್ ಉಗ್ರಾಣದ ಬಾಗಿಲಲ್ಲೇ ಕೂಗಿದ. ಅಷ್ಟರಲ್ಲಿ ಬಾತ್ಮ ಜರ್ದಾಲು ಮುರಬ್ಬದ ಜಾಡಿಗಳನ್ನು ಪಕ್ಕಕ್ಕೆ ಸರಿಸಿ, ಅವುಗಳ ಹಿಂದೆ ಮಿಣುಕುತ್ತಿದ್ದ ಎರಡು ಕಪ್ಪು ಪೆಟ್ಟಿಗೆಗಳಲ್ಲಿ ಒಂದಕ್ಕೆ ಕೈ ಹಾಕಿಯಾಗಿತ್ತು.

"ನಿಮ್ಮಪ್ಪ ಸತ್ತು ಎರಡು ದಿನ ಆಯ್ತು, ಇದು ಮಾತ್ರ ಇನ್ನೂ ಕಣ್ಣು ಮಿಟುಕಿಸ್ತಿದೆ," ಎಂದಳು ಬಾತ್ಮ. "ಇದರೊಳಗೆ ಏನಿದೆ ಹೇಳು. ಮಧ್ಯಾಹ್ನದ ನಮಾಜಿಗೆ ಮುಂಚೆ ನನಗೆ ಗೊತ್ತಾಗಬೇಕು."

"ಮನೆಯೋರ ಫೋಟೋ, ಕಾಗದಪತ್ರ. ನಮ್ಮೆಲ್ಲರ ಫೋನಿಂದ ದಿನಾ ನಕಲು ತಗೊಂಡು ಇಟ್ಕೊಳ್ಳುತ್ತೆ, ಅಷ್ಟೇ."

"ಫೋಟೋಗೆ ಯಾರಾದ್ರೂ ಬೀಗ ಹಾಕ್ತಾರೇನೋ? ಮಗನಿಗೂ ಕೀಲಿ ಕೊಡದ ಬೀಗ?"

ಎರ್ಮೆಕ್‌ನ ಹಿಂದೆ ಅವನ ಅಮ್ಮ ಕನಿಶಾಯ್ ಕಪ್ಪು ರುಮಾಲು ಕಟ್ಟಿಕೊಂಡು ನಿಂತಿದ್ದಳು. ಅಂಗಳದ ಗುಡಾರದಲ್ಲಿ ಗಂಡ ಎಸೆನ್‌ಕುಲ್‌ನ ಹೆಣದ ಬಳಿ ಕೂತು ಅಳಬೇಕಾದವಳು, ನೀರು ಕುಡಿಯುವ ನೆಪ ಹೇಳಿ ಎದ್ದು ಬಂದಿದ್ದಳು. ಗಂಡನ ಅಕ್ಕ ಈಗ ಕೇಳುತ್ತಿರುವುದನ್ನು ಅವಳು ಆರು ವರ್ಷಗಳಿಂದ ಮನಸ್ಸಿನಲ್ಲೇ ಕೇಳಿಕೊಂಡು ಬಂದಿದ್ದಳು.

"ನೋಡು ಕನಿಶಾಯ್," ಬಾತ್ಮ ಅವಳ ಕಡೆ ತಿರುಗಿದಳು. "ನನ್ನ ತಮ್ಮ ಎರಡು ವಾರಕ್ಕೊಂದು ಭಾನುವಾರ ಮೀನು ಹಿಡಿಯೋಕೆ ಅಂತ ಹೋಗ್ತಿದ್ದ. ಹೋಗಿದ್ದೆಲ್ಲ ಪಕ್ಕದೂರು ತ್ಯೂಪಿಗೆ, ಒಂಟಿ ಹೆಂಗಸಿನ ಮನೆಗೆ. ಬಟ್ಟೇಲಿ ಸುತ್ತಿದ ಗಂಟು ಹಿಡ್ಕೊಂಡು ಒಳಗೆ ಹೋಗೋನು, ಗಂಟು ಹಿಡ್ಕೊಂಡೇ ಆಚೆ ಬರೋನು. ನನ್ನ ಬೀಗಿತ್ತಿ ಕಣ್ಣಾರೆ ನೋಡಿದಾಳೆ. ಅಲ್ಲಿ ಅವನ ಮಗ ಅಂತ ಒಬ್ಬ ಇದ್ರೆ, ಆ ಹುಡುಗನೂ ಇವತ್ತು ಎರ್ಮೆಕ್ ಪಕ್ಕ ಗುಡಾರದ ಬಾಗಿಲಲ್ಲಿ ಕೋಲು ಊರಿ 'ಅಪ್ಪಾ' ಅಂತ ಅಳಬೇಕು. ಅವನನ್ನ ಬಿಟ್ಟು ಹೆಣ ಎತ್ತಿದ್ರೆ ಆ ಪಾಪ ನಮ್ಮ ತಲೆಗೆ ಸುತ್ಕೊಳ್ಳುತ್ತೆ."

ಬಾತ್ಮಳ ನಾಲಿಗೆ ಚುರುಕೇ ಹೊರತು ಮನಸ್ಸು ಕೆಟ್ಟದ್ದಲ್ಲ. ಇಲ್ಲದ ಸೋದರಳಿಯನಿಗೋಸ್ಕರ ಅವಳ ಕಣ್ಣು ಆಗಲೇ ಒದ್ದೆಯಾಗಿತ್ತು. ಕನಿಶಾಯ್‌ಗೆ ಮೀನಿನ ವಿಷಯ ಗೊತ್ತಿಲ್ಲದೆ ಏನಿಲ್ಲ. ಎಸೆನ್‌ಕುಲ್ ತರುತ್ತಿದ್ದುದು ಹೊಗೆ ಹಾಕಿದ ಮೀನು. ಸರೋವರದ ಮೀನು ಹೊಗೆ ಹಾಕಿಸಿಕೊಂಡು ಬಂದು ಗಾಳಕ್ಕೆ ಬೀಳುವುದಿಲ್ಲ ಎಂಬುದು ಅವರೂರು ಕರಕೋಲಿನ ಎಳೆಮಗುವಿಗೂ ತಿಳಿದ ಸಂಗತಿ. ಅವಳು ಆ ಮೀನನ್ನು ತುಟಿಪಿಟಿಕ್ಕೆನ್ನದೆ ತಿಂದಿದ್ದಳು, ಒಂದೊಂದು ಮುಳ್ಳು ತೆಗೆಯುವಾಗಲೂ ಆ ಮನೆಯ ಹೆಂಗಸು ಹೇಗಿರಬಹುದು ಎಂದು ಯೋಚಿಸಿದ್ದಳು.

*

ಆರು ವರ್ಷದ ಹಿಂದೆ, ಫೋಟೋಗಳನ್ನು ಪುಕ್ಕಟೆ ಇಟ್ಟುಕೊಳ್ಳುತ್ತಿದ್ದ ಯಾವುದೋ ದೂರದೇಶದ ಕಂಪನಿ ರಾತ್ರೋರಾತ್ರಿ ಬಾಗಿಲು ಮುಚ್ಚಿತ್ತು. ಎಸೆನ್‌ಕುಲ್‌ನ ತಾಯಿಯ ಎಂಬತ್ತನೇ ವರ್ಷದ ಔತಣದ ಫೋಟೋಗಳು ಅದರ ಜೊತೆಗೇ ಹೋದವು. ತಾಯಿ ಆಗ ತೀರಿಕೊಂಡು ಮೂರು ತಿಂಗಳು. ಟೆಲಿಫೋನ್ ಕಚೇರಿಯಲ್ಲಿ ಜೀವಮಾನವಿಡೀ ಊರಿನವರ ತಂತಿ ಜೋಡಿಸಿದ ಆ ಮನುಷ್ಯ ಅಂದು ಊಟ ಮಾಡಲಿಲ್ಲ. ವಾರದೊಳಗೆ ಉಗ್ರಾಣದಲ್ಲಿ ಪೆಟ್ಟಿಗೆ ಬಂದು ಕೂತಿತು.

"ನಮ್ಮನೇದು ನಮ್ಮನೇಲೇ ಇರಲಿ," ಎಂದಿದ್ದ. "ಬೀಗ ಬೇರೆ ಹಾಕಿದೀನಿ. ಕಳ್ಳ ಹೊತ್ಕೊಂಡು ಹೋದ್ರೂ ಅವನಿಗೆ ಕಾಣೋದು ಬರೀ ಕಸ."

"ಬೀಗ ತೆಗೆಯೋ ಗುಟ್ಟಿನ ಮಾತು ಯಾವುದು?" ಎಂದು ಕನಿಶಾಯ್ ಕೇಳಿದ್ದಳು.

"ಹೇಳ್ತೀನಿ, ಇನ್ನೊಂದು ದಿನ."

"ನಾನೂ ಕಳ್ಳೀನಾ?"

"ನೀನಲ್ಲ ಮಾರಾಯ್ತಿ. ಆದ್ರೆ ನಿನ್ನ ಬಾಯಿ ನಮ್ಮಕ್ಕನ ಕಿವಿಗೆ ತುಂಬ ಹತ್ತಿರ."

ಅವನು ನಕ್ಕಿದ್ದ. ಅವಳಿಗೆ ನಗು ಬಂದಿರಲಿಲ್ಲ. ಮಾರನೆಯ ವರ್ಷ ಎರಡನೆಯ ಪೆಟ್ಟಿಗೆ ಬಂತು, ಅದರ ಬಗ್ಗೆ ಅವನು ಏನನ್ನೂ ಹೇಳಲಿಲ್ಲ. ಮೀನಿನ ಭಾನುವಾರಗಳೂ ಆಗಲೇ ಶುರುವಾದವು.

*

ಹನ್ನೊಂದು ಗಂಟೆಗೆ ತ್ಯೂಪಿನ ಬಸ್ಸಿನಿಂದ ಒಬ್ಬ ರಷ್ಯನ್ ಮುದುಕಿ ಇಳಿದು ಬಂದಳು. ಎಪ್ಪತ್ತರ ಹತ್ತಿರದ ವಯಸ್ಸು, ಕುಳ್ಳು ದೇಹ, ತಲೆಗೆ ಬೂದುಬಣ್ಣದ ರುಮಾಲು. ಕೈಯಲ್ಲಿ ಬಟ್ಟೆ ಸುತ್ತಿದ ಗಂಟು. ಗಂಟು ನೋಡಿದ್ದೇ ತಡ, ಬಾತ್ಮ ಹೋಗಿ ಅವಳ ರಟ್ಟೆ ಹಿಡಿದಳು. ಒಂದು ಮಾತೂ ಆಡದೆ ಗುಡಾರದೊಳಕ್ಕೆ ಕರೆತಂದು, ಗೋಡೆಗೆ ಮುಖ ಮಾಡಿ ಅಳುತ್ತಿದ್ದ ಮನೆಯ ಹೆಂಗಸರ ಸಾಲಿನಲ್ಲಿ, ಕನಿಶಾಯ್ ಪಕ್ಕಕ್ಕೇ ಕೂರಿಸಿದಳು.

ಅದು ಹೆಂಡತಿ ಮಕ್ಕಳು ಕೂರುವ ಜಾಗ. ಕಿರಿಯ ಹೆಂಡತಿಯಿದ್ದರೆ ಅವಳಿಗೂ ಅಲ್ಲೇ ಜಾಗ. ಗುಡಾರದ ಅಳು ತಟ್ಟನೆ ನಿಂತಿತು. ಇಪ್ಪತ್ತು ಹೆಂಗಸರ ಕಣ್ಣು ತನ್ನ ಬೆನ್ನಿಗೆ ನಾಟಿದ್ದು ಕನಿಶಾಯ್‌ಗೆ ತಿರುಗಿ ನೋಡದೆಯೇ ತಿಳಿಯಿತು. ಮೂವತ್ತನಾಲ್ಕು ವರ್ಷದ ಸಂಸಾರವನ್ನು ಎಲ್ಲರೂ ಅಳೆದು ನೋಡುತ್ತಿದ್ದಾರೆ ಎನಿಸಿ ಅವಳ ಕಿವಿ ಬಿಸಿಯಾಯಿತು.

ಮುದುಕಿ ಗೋಡೆಯ ಕಸೂತಿ ಪರದೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪಿಸುಗುಟ್ಟಿದಳು: "ಕ್ಷಮಿಸಿ, ನಾನು ಎಸೆನ್‌ಕುಲ್ ಹೆಂಡತಿ ಹತ್ರ ಮಾತಾಡ್ಬೇಕಿತ್ತು. ಅವರೆಲ್ಲಿದ್ದಾರೆ?"

"ನಿಮ್ಮ ಪಕ್ಕದಲ್ಲೇ ಇದೀನಿ," ಎಂದಳು ಕನಿಶಾಯ್. "ಏಳಿ."

ಉಗ್ರಾಣದಲ್ಲಿ ನಾಲ್ವರೇ ನಿಂತರು. ಮುದುಕಿಯ ಹೆಸರು ಕ್ಲಾವ್ದಿಯಾ ಸೆಮ್ಯೋನೊವ್ನಾ. ಟೆಲಿಫೋನ್ ಕಚೇರಿಯಲ್ಲಿ ಎಸೆನ್‌ಕುಲ್‌ಗೆ ಕೆಲಸ ಕಲಿಸಿದವಳು. ಗಂಟು ಬಿಚ್ಚಿದಾಗ ಒಳಗಿದ್ದುದು ಅಂಗೈಯಗಲದ ಒಂದು ಡಿಸ್ಕ್.

"ಇದು ನಿಮ್ಮನೇದು," ಎಂದಳು. "ಆ ಎರಡನೇ ಪೆಟ್ಟಿಗೆ ನನ್ನದು. ನಿಮ್ಮನೆಗೆ ಬೆಂಕಿ ಬಿದ್ರೆ ನಿಮ್ಮ ನಕಲು ನಮ್ಮನೇಲಿ ಉಳಿಯುತ್ತೆ, ನಮ್ಮನೆ ಮುಳುಗಿದ್ರೆ ನಂದು ಇಲ್ಲಿ. ಅವನದ್ದು ನನಗೆ ತೆರೆಯೋಕಾಗಲ್ಲ, ನಂದು ಅವನಿಗೆ ತೆರೆಯೋಕಾಗಲ್ಲ. ಎರಡು ವಾರಕ್ಕೊಂದ್ಸಲ ಹಳೇ ಡಿಸ್ಕ್ ತಗೊಂಡು ಹೊಸದು ಕೊಡೋನು."

"ಅಷ್ಟಕ್ಕೆ ಸುಳ್ಯಾಕೆ? ಮೀನು ಯಾಕೆ?" ಬಾತ್ಮ ಸೊಂಟಕ್ಕೆ ಕೈಯಿಟ್ಟಳು.

"ಮೀನು ನಾನೇ ಕೊಡ್ತಿದ್ದೆ, ಮಾರ್ಕೆಟ್ಟಿಂದ್ದು. ಹೆಂಡತಿಗೆ ಹೇಳಪ್ಪ ಅಂತ ನೂರು ಸಲ ಹೇಳಿದೀನಿ. ಹೇಳ್ತೀನಿ, ಒಳ್ಳೆ ಸಮಯ ನೋಡಿ ಹೇಳ್ತೀನಿ ಅನ್ನೋನು."

ಅದು ಎಸೆನ್‌ಕುಲ್‌ನ ಮಾತೇ, ಅಚ್ಚು ಹಾಕಿದ ಹಾಗೆ. ಆದರೆ ಕಲಿತು ಬಂದು ಒಪ್ಪಿಸಿದರೂ ಹಾಗೆಯೇ ಕೇಳಿಸುತ್ತದೆ. ಕನಿಶಾಯ್ ಮುದುಕಿಯ ಮುಖವನ್ನೇ ನೋಡಿದಳು. ನಂಬಲು ಮನಸ್ಸಿತ್ತು, ಧೈರ್ಯವಿರಲಿಲ್ಲ.

"ಮಾತಲ್ಲಿ ಯಾರು ಏನು ಬೇಕಾದ್ರೂ ಹೇಳ್ಬಹುದು," ಎಂದಳು ಬಾತ್ಮ. "ಪೆಟ್ಟಿಗೆ ತೆಗೀರಿ. ಅದರಲ್ಲಿ ಬೇರೆ ಮಗು ಮುಖ ಇಲ್ಲ ಅಂದ್ರೆ ನಾನು ಬಾಯಿ ಮುಚ್ಕೋತೀನಿ."

ಕ್ಲಾವ್ದಿಯಾ ಒಂದು ಲಕೋಟೆ ಕೊಟ್ಟಳು. ನಾನು ಹೋದರೆ ಮನೆಗೆ ತಲುಪಿಸು ಎಂದಿದ್ದನಂತೆ. ಒಳಗೆ ಅವನ ಕೈಬರಹದ ಎರಡೇ ಸಾಲು: 'ಏಳು ತಂದೆಯರು. ನಡುವೆ ಜಾಗ ಬಿಡಬೇಡಿ.'

ಎರ್ಮೆಕ್‌ನ ಮುಖ ಅರಳಿತು. ತಂದೆ, ತಂದೆಯ ತಂದೆ, ಹೀಗೆ ಏಳು ತಲೆ ಹಿಂದಕ್ಕೆ ಐದನೇ ವಯಸ್ಸಿಗೇ ಬಾಯಿಪಾಠ ಒಪ್ಪಿಸಿ ಔತಣದಲ್ಲಿ ಜಾಣ ಮಕ್ಕಳಿಗೆ ಕೊಡುವ ಕುರಿಯ ಕಿವಿಯನ್ನು ನೆಂಟರಿಂದ ಗಿಟ್ಟಿಸಿದವನು ಅವನು. ತನ್ನ ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿ ಟಪಟಪನೆ ಒತ್ತಿದ. ತೆರೆಯಲಿಲ್ಲ. ತನ್ನಪ್ಪನಿಂದ ಶುರುಮಾಡಿದ, ಅಜ್ಜನಿಂದ ಶುರುಮಾಡಿದ, ತಲೆಕೆಳಗು ಮಾಡಿ ಹಾಕಿದ. ಐದನೇ ತಪ್ಪಿಗೆ ಪೆಟ್ಟಿಗೆ ಹತ್ತು ನಿಮಿಷ ಮುನಿಸಿಕೊಂಡಿತು.

"ನಮ್ಮ ಏಳು ತಂದೆಯರು ಅವನಿಗೆ ಸಾಲದೆ ಹೋದ್ರಾ?" ಎಂದಳು ಬಾತ್ಮ. "ಅಂದ್ರೆ ಬೇರೆ ಕುಲ ಸೇರ್ಕೊಂಡಿದಾನೆ. ಬೇರೆ ಮನೆ ಇದೆ. ನಾನು ಹೇಳ್ಲಿಲ್ವಾ?"

ಅಂಗಳದಿಂದ ಯಾರೋ ಕೂಗಿದರು, ಇಮಾಮರು ಕೈಕಾಲು ತೊಳೆಯಲು ನೀರು ಕೇಳುತ್ತಿದ್ದಾರೆ, ಇನ್ನು ತಡಮಾಡುವಂತಿಲ್ಲ ಎಂದು. ಕನಿಶಾಯ್ ಚೀಟಿಯನ್ನು ಮತ್ತೆ ಓದಿದಳು. ಯಾರ ತಂದೆಯರು ಎಂದು ಅವನು ಬರೆದಿರಲಿಲ್ಲ.

*

ಮೊದಲ ಪೆಟ್ಟಿಗೆ ಬಂದ ವಾರವೇ ಒಂದು ದಿನ ಕನಿಶಾಯ್ ಹಿಟ್ಟು ನಾದುತ್ತಿದ್ದಳು. ಎಸೆನ್‌ಕುಲ್ ಮಣೆಯ ಎದುರು ಬಂದು ಕೂತ.

"ನಿನ್ನ ತಂದೆಯರ ಹೆಸರು ಹೇಳು."

"ಯಾಕೆ? ಯಾವ ಕಚೇರಿಗೆ?"

"ಯಾವ ಕಚೇರಿಗೂ ಅಲ್ಲ. ಹೇಳು."

ಅವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಅದಕ್ಕೇ ಅವನು ಹೆಣ್ಣುಮಗಳಿಗೆ ಏಳು ಹೆಸರನ್ನೂ ಕಲಿಸಿದ್ದ, ಕುದುರೆಯ ಮೇಲೆ ಮುಂದೆ ಕೂರಿಸಿಕೊಂಡು. ಮದುವೆಯಾಗಿ ಬಂದಮೇಲೆ ಆ ಹೆಸರುಗಳನ್ನು ಕೇಳಿದವರೇ ಇಲ್ಲ. ಔತಣಗಳಲ್ಲಿ ಮಗ ಗಂಡನ ಕಡೆಯವರ ಹೆಸರು ಹೇಳುತ್ತಿದ್ದ, ಅವಳು ಚಹಾ ಬಗ್ಗಿಸುತ್ತಿದ್ದಳು. ಅಂದು ಅನುಮಾನಿಸುತ್ತಲೇ ಹೇಳಿದಳು. ಅವನು ಹಿಟ್ಟಿನ ಮೇಲೆ ಬೆರಳಿನಲ್ಲಿ ಬರೆದುಕೊಂಡ, ಮೂರು ಸಲ ಹೇಳಿಸಿದ, ಅಂಗೈಯಿಂದ ಅಳಿಸಿ ಎದ್ದುಹೋದ. ಹಿಟ್ಟು ಹಾಳುಮಾಡಿದ್ದಕ್ಕೆ ಅವಳು ಬೈದಿದ್ದಳು.

*

"ನೀವೆಲ್ಲ ಆ ಕಡೆ ತಿರುಗಿ," ಎಂದಳು ಕನಿಶಾಯ್.

"ಅಮ್ಮ, ನಿಂಗೆ ಇದೆಲ್ಲ..."

"ತಿರುಗೋ."

ಪೆಟ್ಟಿಗೆಯ ಹತ್ತು ನಿಮಿಷದ ಮುನಿಸು ಮುಗಿದಿತ್ತು. ಒಂದು ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಏಳನೆಯ ಹೆಸರು ಮುಗಿಯುವಷ್ಟರಲ್ಲಿ ಅವಳ ಬೆನ್ನು ಬೆವತಿತ್ತು. ಪೆಟ್ಟಿಗೆ ತೆರೆದುಕೊಂಡಿತು.

ಸಾಲಾಗಿ ಹೆಸರುಗಳಿದ್ದವು. ಅಮ್ಮ, ಬಾತ್ಮ, ಎರ್ಮೆಕ್, ಸೊಸೆ, ಮನೆ ಪತ್ರ, ಕನಿಶಾಯ್. ಬೇರೆ ಹೆಸರಿರಲಿಲ್ಲ. ಅವಳು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಓದಿದಳು, ಒಂದೊಂದನ್ನೂ ತೆರೆದು ಮುಖಗಳನ್ನು ನೋಡಿದಳು. ಎಲ್ಲ ತಿಳಿದ ಮುಖಗಳೇ. ಎದೆಯೊಳಗೆ ಆರು ವರ್ಷ ಕಟ್ಟಿಕೊಂಡಿದ್ದುದು ಸಡಿಲವಾಯಿತು, ಅದರ ಬೆನ್ನಿಗೇ ಕೋಪ ಬಂತು. ಇಷ್ಟನ್ನು ಬಾಯಿಬಿಟ್ಟು ಹೇಳಲು ಇವನಿಗೆ ಏನಾಗಿತ್ತು! ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು.

"ಯಾವ ಮಗುವೂ ಇಲ್ಲ. ಎರ್ಮೆಕ್, ಹೋಗಿ ಬಾಗಿಲಲ್ಲಿ ನಿಂತ್ಕೋ. ಹೆಣ ಎತ್ತಲಿ."

"ಯಾವ ಏಳು ಹೆಸರು ಅದು?" ಬಾತ್ಮ ಅವಳ ತೋಳು ಹಿಡಿದಳು. "ಕನಿಶಾಯ್, ಹೇಳೇ. ನಾನು ಯಾರಿಗೆ ಹೇಳ್ತೀನಿ?"

ಕನಿಶಾಯ್ ತೋಳು ಬಿಡಿಸಿಕೊಂಡು ಕ್ಲಾವ್ದಿಯಾಳ ಕೈ ಹಿಡಿದಳು. "ಬನ್ನಿ. ಅಲ್ಲೇ ಕೂತ್ಕೊಳ್ಳಿ, ನನ್ನ ಪಕ್ಕ. ಗೋಡೆ ಕಡೆ ನೋಡಿದ್ರೆ ಸಾಕು."

ಗುಡಾರದಲ್ಲಿ ಗಂಡಸರು ಹೆಣಕ್ಕೆ ಭುಜ ಕೊಟ್ಟರು. ಇದು ಹೆಂಡತಿ ದನಿಯೆತ್ತಿ ಹಾಡಿ ಅಳುವ ಹೊತ್ತು, ಗಂಡನ ಕುಲ ಹೊಗಳುವ ಹೊತ್ತು. ಕನಿಶಾಯ್ ಸೊಂಟದ ಮೇಲೆ ಕೈಯಿಟ್ಟು ಕಸೂತಿಗೆ ಮುಖ ಮಾಡಿ ಹಾಡಿದಳು. ಮೀನಿನ ಸುಳ್ಳು ಹೇಳಿದೋನೇ, ಹಿಟ್ಟಿನ ಮೇಲೆ ಬರೆದೋನೇ ಎಂದಳು. ಮುಕಾಯ್‌ನ ಮಗಳ ಕೈ ಹಿಡಿದೋನೇ ಎಂದಳು. ಸಾದಿರ್‌ನ ಹೆಸರು ಹಿಡಿದು ಅತ್ತಳು, ತಿನಾಯ್‌ನ ಹೆಸರು ಹಿಡಿದು ಅತ್ತಳು. ಇವು ಈ ಮನೆಯ ಹೆಸರುಗಳಲ್ಲ ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಕೆರಿಮ್‌ಕುಲ್ ಬಂದ, ಬೆಕ್ಬೋ ಬಂದ, ಜಾನಿಶ್ ಬಂದ. ಬಾಗಿಲಲ್ಲಿ ಕೋಲು ಊರಿದ್ದ ಎರ್ಮೆಕ್ ತಲೆಯೆತ್ತಿದ. ಕ್ಲಾವ್ದಿಯಾ ಗಾಬರಿಯಿಂದ ಅವಳ ಮೊಣಕಾಲು ಅದುಮಿದಳು.

ಕನಿಶಾಯ್ ಅಲ್ಲಿಗೆ ನಿಲ್ಲಿಸಿ, ತುಟಿ ಬಿಗಿಹಿಡಿದಳು. ಕಣ್ಣೀರು ಗಲ್ಲದಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಹೆಣ ಹೊಸ್ತಿಲು ದಾಟಿತು. ಪಕ್ಕದಲ್ಲಿ ಬಾತ್ಮ ತನ್ನ ಅಳುವನ್ನೂ ಮರೆತು, ಕತ್ತು ಚಾಚಿಕೊಂಡು, ಏಳನೆಯ ಹೆಸರಿಗಾಗಿ ಕಾಯುತ್ತಿದ್ದಳು.